ಮಣಿಕಟ್ಟಿನಿಂದ ಪುಟ ತಿರುವಿದ ಕಂಪ್ಯೂಟರ್

ಮೊಬೈಲಿನಲ್ಲಿ ಪುಸ್ತಕ ಓದುವಾಗ ತೆರೆಯ ಅಂಚಿನಲ್ಲಿ ಹಿಂದೆ, ಮುಂದೆ, ಪರಿವಿಡಿ ಎಂಬ ಗುಂಡಿಗಳ ಪಟ್ಟಿಯನ್ನು ನೀವು ನೋಡಿರುತ್ತೀರಿ. ಈ ಪಟ್ಟಿಗೂ ಓದುವ ಸಾಲುಗಳಿಗೂ ಜಾಗದ ಜಗಳ ಇದ್ದದ್ದೇ. ಅದನ್ನು ಮೊದಮೊದಲು ಎದುರಿಸಿದವರಲ್ಲಿ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಇದ್ದರು.

ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯ ತಂತ್ರಜ್ಞರು 2001ರಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ 'ಸಿಂಪ್ಯೂಟರ್' ಅನ್ನು ಪ್ರದರ್ಶಿಸಿದರು. ಓದುಬರಹ ಬಾರದವರೂ ಚಿತ್ರ, ಧ್ವನಿಗಳ ನೆರವಿನಿಂದ ಅದನ್ನು ಬಳಸಬೇಕೆಂಬುದು ಗುರಿ. ತೆರೆಯಲ್ಲಿದ್ದುದು 320 × 240 ಚುಕ್ಕಿಗಳು ಮಾತ್ರ. ನೀವೇ ಲೆಕ್ಕ ಹಾಕಿ: ಒತ್ತಕ್ಷರ ಕೆಳಗಿಳಿಯುವ ಕನ್ನಡದ ಒಂದು ಸಾಲಿಗೆ 24 ಚುಕ್ಕಿ ಎತ್ತರ ಬೇಕೆಂದುಕೊಂಡರೆ, ನೆಟ್ಟಗೆ ಹಿಡಿದ ತೆರೆಯಲ್ಲಿ 13 ಸಾಲು. 40 ಚುಕ್ಕಿ ಎತ್ತರದ ಪಟ್ಟಿ ಇಟ್ಟರೆ ಉಳಿಯುವುದು 11.

ಈ ಪ್ರಾಧ್ಯಾಪಕರ ಪಿಕೊಪೆಟಾ ಕಂಪನಿ ರೂಪಿಸಿ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿ 2004ರಲ್ಲಿ ಬಂತು. ಅದರೊಳಗೊಂದು ವೇಗೋತ್ಕರ್ಷಮಾಪಕ. ಮಣಿಕಟ್ಟನ್ನು ಚಿಮ್ಮಿದರೆ ಪುಟ ತಿರುಗುತ್ತಿತ್ತು! ಮಟ್ಟವಾಗಿ ಹಿಡಿದಾಗ ತೆರೆಯ ಉದ್ದಕ್ಕೆ ಗುರುತ್ವದ ಅಂಶ ಸೊನ್ನೆ. 30 ಡಿಗ್ರಿ ಓರೆ ಮಾಡಿದರೆ ಅರ್ಧ. (ಸೈನ್ 30° ಎಷ್ಟೆಂದು ನೆನಪಿದೆಯಷ್ಟೆ?) ಚಿಮ್ಮಿದಾಗ ಈ ಬೆಲೆ ಥಟ್ಟನೆ ಏರಿಳಿಯುತ್ತದೆ. ಆ ಏರಿಳಿತವೇ ಯಂತ್ರಕ್ಕೆ ಆಜ್ಞೆ.

ಜಾಣ ಉಪಾಯವೇ ಸರಿ. ಆದರೆ ಬಸ್ಸಿನ ಕುಲುಕಾಟವೂ ವೇಗೋತ್ಕರ್ಷವೇ ತಾನೆ? ಮೇಲಾಗಿ ಗುಂಡಿ ಕಣ್ಣಿಗೆ ಬೀಳುತ್ತದೆ, ಚಿಮ್ಮುವುದನ್ನು ಯಾರಾದರೂ ಹೇಳಿಕೊಡಬೇಕು. ಓದು ಬಾರದವರಿಗಾಗಿ ಹೊರಟ ಯಂತ್ರಕ್ಕೆ ಇದು ಸಣ್ಣ ತೊಡಕಲ್ಲ.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಇಂದಿನ ಹಲವು ಓದುವ ಆ್ಯಪ್‌ಗಳಲ್ಲಿ ಪಟ್ಟಿ ಮರೆಯಾಗಿದ್ದು, ತೆರೆಯ ನಡುವೆ ತಟ್ಟಿದಾಗ ಮಾತ್ರ ಮೂಡುತ್ತದೆ.