ಗಿಟಾರಿನ ಹೆಸರಿನಲ್ಲಿ ಉಳಿದ ಎದುರಾಳಿ

ಗಿಬ್ಸನ್ ಕಂಪನಿಯ ಹಳೆಯ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಹಲವುದರ ಹೆಸರು ‘ಇಎಸ್’ ಎಂದು ಶುರುವಾಗುತ್ತದೆ: ಇಎಸ್-150, ಇಎಸ್-175, ಇಎಸ್-335. ಇಎಸ್ ಅಂದರೆ ‘ಎಲೆಕ್ಟ್ರಿಕ್ ಸ್ಪ್ಯಾನಿಷ್’. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ತಯಾರಾಗಿ ಜಾಝ್ ವಾದಕರ ಕೈಸೇರಿದ ಈ ವಾದ್ಯಕ್ಕೆ ಸ್ಪೇನ್ ಯಾಕೆ ಅಂಟಿಕೊಂಡಿತು? ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಇಂಥ ಸಣ್ಣ ಪ್ರಶ್ನೆಗಳೇ.

ಉತ್ತರ ಇರುವುದು ಸ್ಪೇನಿನಲ್ಲಲ್ಲ, ಹವಾಯಿಯಲ್ಲಿ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಅಮೆರಿಕದ ತುಂಬ ಹವಾಯಿ ಸಂಗೀತದ ಹುಚ್ಚು ಹಬ್ಬಿತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವುದು ಹವಾಯಿಯನ್ ರೀತಿ. ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಕೇಳಿದವರಿಗೆ ಆ ಜಾರುವ ನಾದದ ಪರಿಚಯವಿರುತ್ತದೆ. ಗಿಟಾರನ್ನು ಮೈಗಾನಿಸಿಕೊಂಡು, ಬೆರಳಿನಿಂದ ತಂತಿ ಒತ್ತಿ ನುಡಿಸುವುದು ಸ್ಪ್ಯಾನಿಷ್ ರೀತಿ. ಫಾರಂ ಕೋಳಿ ಬರುವ ತನಕ ನಮ್ಮ ಕೋಳಿಗೆ ‘ನಾಟಿ’ ಎಂಬ ವಿಶೇಷಣ ಬೇಕಿರಲಿಲ್ಲ, ಇದೂ ಹಾಗೆಯೇ.

ವಿದ್ಯುತ್ತು ಮೊದಲು ಒಲಿದದ್ದೂ ಹವಾಯಿಯನ್ನಿಗೇ. 1932ರಲ್ಲಿ ಮಾರುಕಟ್ಟೆಗೆ ಬಂದ, ರಿಕನ್‌ಬ್ಯಾಕರ್ ಹೆಸರಿನೊಂದಿಗೆ ಪ್ರಸಿದ್ಧವಾದ ‘ಫ್ರೈಯಿಂಗ್ ಪ್ಯಾನ್’ ತೊಡೆಯ ಮೇಲಿನ ಗಿಟಾರು. ಗಿಬ್ಸನ್ ಕೂಡ ಮೊದಲು ತಂದದ್ದು ‘ಇಎಚ್’, ಅಂದರೆ ಎಲೆಕ್ಟ್ರಿಕ್ ಹವಾಯಿಯನ್. ಪಿಟೀಲಿನಂತೆ ಮೇಲ್ಭಾಗ ಉಬ್ಬಿದ ಇಎಸ್-150 ಬಂದದ್ದು 1936ರಲ್ಲಿ.

ಇನ್ನು ಅಂಕಿ. 150 ಎಂಬುದು ಸುಮಾರಾಗಿ ಬೆಲೆ, ಡಾಲರುಗಳಲ್ಲಿ. 1949ರ ಇಎಸ್-175ರ ಬೆಲೆ 175 ಡಾಲರ್. ಮುಂದೆ ಬೆಲೆ ಏರಿತು, ಹೆಸರು ಏರಲಿಲ್ಲ. 1958ರಲ್ಲಿ ಬಂದ ಇಎಸ್-335ರ ಬೆಲೆ 300 ಡಾಲರನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅಂಕಿ ಬರೀ ಗುರುತಾಗಿತ್ತು. ಬಾಲದ ಅಕ್ಷರಗಳು ಮಾತ್ರ ಪ್ರಾಮಾಣಿಕವಾಗಿ ಉಳಿದವು. ಇಎಸ್-125ಟಿಡಿಸಿ ಎಂಬಲ್ಲಿ ‘ಟಿ’ ಎಂದರೆ ತೆಳು ಒಡಲು, ‘ಡಿ’ ಎಂದರೆ ಎರಡು ಪಿಕಪ್, ‘ಸಿ’ ಎಂದರೆ ಮೇಲಿನ ಸ್ವರಗಳಿಗೆ ಕೈ ಎಟಕುವಂತೆ ಭುಜ ಕತ್ತರಿಸಿದ ವಿನ್ಯಾಸ.

1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಇಎಸ್-150 ಹಿಡಿದು, ಸ್ಯಾಕ್ಸೊಫೋನಿನಂತೆ ಉದ್ದುದ್ದದ ಏಕಸ್ವರದ ಸಾಲುಗಳನ್ನು ನುಡಿಸಿದ. 1942ರಲ್ಲಿ, 25ನೇ ವಯಸ್ಸಿಗೇ ತೀರಿಕೊಂಡ. ಆದರೆ ಅವನ ಹಾದಿ ಹಿಡಿದವರ ಕೈಯಲ್ಲಿ ‘ಎಲೆಕ್ಟ್ರಿಕ್ ಸ್ಪ್ಯಾನಿಷ್’ ಬರೀ ‘ಎಲೆಕ್ಟ್ರಿಕ್ ಗಿಟಾರ್’ ಆಯಿತು. ಈಗ ವಿಶೇಷಣ ಬೇಕಾಗಿರುವುದು ಇನ್ನೊಂದಕ್ಕೆ; ಅದನ್ನು ‘ಲ್ಯಾಪ್ ಸ್ಟೀಲ್’ ಎನ್ನುತ್ತಾರೆ.

ಗೆದ್ದದ್ದಕ್ಕೆ ವಿಶೇಷಣ ಬೇಕಾಗುವುದಿಲ್ಲ. ಹಾಗಾಗಿಯೇ ಹಳೆಯ ಹೆಸರಿನಲ್ಲಿ ಬಿಡದೆ ಉಳಿದಿರುವ ಆ ‘ಎಸ್’ ನನಗೆ ಮುಖ್ಯ. ಈ ಗಿಟಾರು ಇನ್ನೂ ಗೆದ್ದಿರದಿದ್ದ ಕಾಲಕ್ಕೆ ಅದೇ ಸಾಕ್ಷಿ.