ಜೋಡಿ ಕಟ್ಟುವ ನ್ಯಾಯ, ಹಣ ಹಂಚುವ ನ್ಯಾಯ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಚಾಂಗದೇವರ ಜಾತ್ರೆಯಿಂದ ಅದಕ್ಕೆ ಹೆಸರು. ಆ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಹಲವು ಕಡೆ ಕುಸ್ತಿಯ ಕಣವೂ ಸಿದ್ಧವಾಗುತ್ತದೆ. ಹಲಗೆಯ ಸದ್ದು ಏರುವ ಮೊದಲು ಹಿರಿಯ ಪೈಲವಾನರು ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಅದು ಜೋಡಿ ಕಟ್ಟುವುದು. ಬಂದ ಹುಡುಗರ ಮೈಕಟ್ಟು, ವಯಸ್ಸು, ಹಿಂದೆ ಹಿಡಿದ ಕುಸ್ತಿಗಳನ್ನೆಲ್ಲ ನೋಡಿ, ಇವನಿಗೆ ಇವನೇ ಸರಿ ಎಂದು ಅವರು ಗೊತ್ತುಮಾಡುತ್ತಾರೆ. ಜೋಡಿ ಸರಿಯಾಗದಿದ್ದರೆ ನೋಡಲು ಬಂದವರೇ ಗದ್ದಲ ಎಬ್ಬಿಸುತ್ತಾರೆ. ಯಾವ ಕುಸ್ತಿಗೆ ಎಷ್ಟು ಬಹುಮಾನ ಎಂಬುದೂ ಆಗಲೇ ತೀರ್ಮಾನವಾಗುತ್ತದೆ.

ಯಾರಿಗೆ ಯಾರು ಎದುರಾಳಿ, ಯಾರಿಗೆ ಎಷ್ಟು ಹಣ? ಎಲ್ಲ ಪಂದ್ಯಾವಳಿಗಳ ನ್ಯಾಯ-ಅನ್ಯಾಯವೂ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ನಡುವೆ ಇಂದು ನಡೆದಿರುವ ವಾಗ್ವಾದವೂ ಇದೇ. ಆದರೆ ಅಷ್ಟು ದೂರ ಹೋಗುವ ಮೊದಲು ನಮ್ಮ ರಣಜಿ ಟ್ರೋಫಿಯ ಚರಿತ್ರೆಯನ್ನೇ ಒಮ್ಮೆ ನೋಡಬಹುದು.

ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ. ಅಂದು ಮೈಸೂರು ತಂಡ ಮದ್ರಾಸಿನ ಎದುರು 48 ಮತ್ತು 59 ರನ್ನುಗಳಿಗೆ ಉರುಳಿ, ಒಂದೇ ದಿನದಲ್ಲಿ ಸೋತಿತು. ಆಗ ಶ್ರೇಯಾಂಕದ ಮಾತೇ ಇರಲಿಲ್ಲ. ದೇಶವನ್ನು ವಲಯಗಳಾಗಿ ಹಂಚಿ, ನೆರೆಹೊರೆಯ ತಂಡಗಳನ್ನು ಪರಸ್ಪರ ಆಡಿಸುತ್ತಿದ್ದರು. 1957-58ರಿಂದ ವಲಯದೊಳಗೆ ಲೀಗ್ ಪದ್ಧತಿ ಬಂದರೂ, ಪ್ರತಿ ವಲಯದಿಂದ ಮುಂದಿನ ಹಂತಕ್ಕೆ ಏರುತ್ತಿದ್ದುದು ಒಂದೇ ತಂಡ.

ಪ್ರಯಾಣದ ದೃಷ್ಟಿಯಿಂದ ಇದು ಅನುಕೂಲವೇ ಆಗಿತ್ತು. ಆದರೆ ನ್ಯಾಯದ ದೃಷ್ಟಿಯಿಂದ? ಬಲಿಷ್ಠ ತಂಡಗಳಿದ್ದ ವಲಯದಲ್ಲಿ ಎರಡನೆಯ ಸ್ಥಾನ ಪಡೆದವರು ಮನೆಗೆ ಮರಳಬೇಕು. ದುರ್ಬಲ ವಲಯದಲ್ಲಿ ಮೊದಲಿಗರಾದವರು ಮುಂದಕ್ಕೆ ಹೋಗುತ್ತಾರೆ. ಹುಟ್ಟಿದ ಊರೇ ತಂಡದ ಹಣೆಬರಹವಾಯಿತು. ಬೊಂಬಾಯಿ 1958-59ರಿಂದ 1972-73ರವರೆಗೆ ಸತತವಾಗಿ 15 ವರ್ಷ ಟ್ರೋಫಿಯನ್ನು ಬಿಟ್ಟುಕೊಡಲೇ ಇಲ್ಲ. 1970-71ರಲ್ಲಿ ನಿಯಮ ಸಡಿಲವಾಗಿ, ಪ್ರತಿ ವಲಯದಿಂದ ಎರಡು ತಂಡಗಳಿಗೆ ಅವಕಾಶ ಸಿಕ್ಕಿತು. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು, ಕರ್ನಾಟಕ ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಬೊಂಬಾಯಿಯನ್ನು ಹೊರದಬ್ಬಿತು. ಮುಂದೆ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು.

2002-03ರಲ್ಲಿ ವಲಯ ಪದ್ಧತಿಯನ್ನೇ ಕೈಬಿಟ್ಟು, ತಂಡಗಳನ್ನು ಎಲೀಟ್ ಮತ್ತು ಪ್ಲೇಟ್ ಎಂದು ಎರಡು ದರ್ಜೆಗಳಾಗಿ ವಿಂಗಡಿಸಲಾಯಿತು. ಊರಿನ ಬದಲು ಆಟವೇ ಸ್ಥಾನವನ್ನು ನಿರ್ಧರಿಸಲಿ ಎಂಬುದು ಇದರ ಉದ್ದೇಶ. ಆದರೆ ಮೊದಲ ಕೆಲವು ವರ್ಷ ಪ್ಲೇಟ್ ತಂಡ ಎಷ್ಟೇ ಚೆನ್ನಾಗಿ ಆಡಿದರೂ ಆ ವರ್ಷದ ರಣಜಿ ಟ್ರೋಫಿ ಅದರ ಕೈಗೆ ಎಟುಕುವಂತಿರಲಿಲ್ಲ. ಮೇಲಿನ ದರ್ಜೆಗೆ ಬಡ್ತಿ ಸಿಕ್ಕರೆ ಅದೇ ಭಾಗ್ಯ. 2008-09ರಲ್ಲಿ ಈ ಬಾಗಿಲು ತೆರೆಯಿತು. ಪ್ಲೇಟ್‌ನ ಮೇಲ್ತಂಡಗಳಿಗೂ ಅದೇ ವರ್ಷ ಕ್ವಾರ್ಟರ್ ಫೈನಲ್‌ನಲ್ಲಿ ಜಾಗ ಕೊಡಲಾಯಿತು. ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. 2010-11ರಲ್ಲಿ ಪ್ಲೇಟ್‌ನಿಂದ ಆಟ ಆರಂಭಿಸಿದ ರಾಜಸ್ಥಾನ, ಹೈದರಾಬಾದನ್ನು 21 ರನ್ನಿಗೆ ಉರುಳಿಸಿ, ಕೊನೆಗೆ ಫೈನಲ್‌ನಲ್ಲಿ ಬರೋಡವನ್ನು ಮಣಿಸಿ ಚಾಂಪಿಯನ್ ಆಯಿತು. 1974ರಲ್ಲಿ ಕರ್ನಾಟಕಕ್ಕೆ ಸೋತ ಅದೇ ರಾಜಸ್ಥಾನಕ್ಕೆ ಇದು ಮೊದಲ ಟ್ರೋಫಿ. ಮರುವರ್ಷವೂ ಅದೇ ಗೆದ್ದಿತು. ಬಾಗಿಲು ಮುಚ್ಚಿಯೇ ಇದ್ದಿದ್ದರೆ ಈ ತಂಡ ಕೆಳದರ್ಜೆಗೇ ತಕ್ಕದ್ದೆಂದು ನಾವೆಲ್ಲ ನಂಬಿಕೊಂಡಿರುತ್ತಿದ್ದೆವು.

ಈಗ ಯುರೋಪಿನ ಕಡೆ ನೋಡೋಣ. ಅಲ್ಲಿ ಯೂರೋಪಿಯನ್ ಕಪ್ ಎಂದು 1955ರಲ್ಲಿ ಆರಂಭವಾದ ಪಂದ್ಯಾವಳಿ 1992ರಲ್ಲಿ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಪಡೆಯಿತು. ಅಲ್ಲಿ ಕ್ಲಬ್‌ಗಳು ಹಿಂದಿನ ವರ್ಷಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಶ್ರೇಯಾಂಕ ನೀಡುತ್ತಾರೆ. ದೊಡ್ಡ ತಂಡಗಳು ಮೊದಲ ಸುತ್ತುಗಳಲ್ಲೇ ಪರಸ್ಪರ ಹೊಡೆದಾಡಿ ಹೊರಬೀಳದಿರಲಿ, ಒಳ್ಳೆಯ ಪಂದ್ಯಗಳು ಕೊನೆಗೆ ಉಳಿಯಲಿ ಎಂಬುದು ಇದಕ್ಕೆ ಕೊಡುವ ಕಾರಣ. ಈ ಕಾರಣ ತಪ್ಪೇನಲ್ಲ. ತೊಡಕಿರುವುದು ಹಣದ ಹಂಚಿಕೆಯೂ ಅದೇ ಪಟ್ಟಿಯನ್ನು ಹಿಡಿದು ನಡೆದಾಗ. 2018-19ರಿಂದ ಕ್ಲಬ್‌ಗಳಿಗೆ ಹಂಚುವ ಹಣದಲ್ಲಿ ಶೇಕಡ 30ರಷ್ಟನ್ನು ಹತ್ತು ವರ್ಷಗಳ ಸಾಧನೆಯ ಆಧಾರದ ಮೇಲೆ ಕೊಡತೊಡಗಿದರು. ಹಿಂದೆ ಗೆದ್ದವನಿಗೆ ಸುಲಭದ ಎದುರಾಳಿ. ಅವನಿಗೇ ಹೆಚ್ಚು ಹಣ. ಆ ಹಣದಿಂದ ಒಳ್ಳೆಯ ಆಟಗಾರರು. ಅದರಿಂದ ಮತ್ತೆ ಗೆಲುವು. ಈ ಚಕ್ರ ಒಮ್ಮೆ ತಿರುಗಲು ಆರಂಭಿಸಿದರೆ ಹೊರಗಿನವನು ಒಳಸೇರುವುದು ಕಷ್ಟ.

2024-25ರಲ್ಲಿ ಅಲ್ಲಿಯೂ ಸುಧಾರಣೆಯಾಯಿತು. ಈಗ 36 ಕ್ಲಬ್‌ಗಳು ಒಂದೇ ಪಟ್ಟಿಯಲ್ಲಿ ಆಡುತ್ತವೆ. ಶ್ರೇಯಾಂಕದ ಪ್ರಕಾರ ನಾಲ್ಕು ಗುಂಪು ಮಾಡಿ, ಪ್ರತಿಯೊಂದು ಕ್ಲಬ್ಬೂ ಪ್ರತಿ ಗುಂಪಿನಿಂದ ಇಬ್ಬರ ಎದುರು, ಒಟ್ಟು 8 ಪಂದ್ಯ ಆಡಬೇಕು. ಅಂದರೆ ದೊಡ್ಡವರಿಗೂ ದೊಡ್ಡವರು ಎದುರಾಗಲೇಬೇಕು. ಜೋಡಿ ಕಟ್ಟುವುದು ಹೀಗೆ ತಕ್ಕಮಟ್ಟಿಗೆ ನೇರವಾಯಿತು. ಹಣದ ಲೆಕ್ಕ ಅಷ್ಟು ನೇರವಾಗಲಿಲ್ಲ. ಒಟ್ಟು ಮೊತ್ತದಲ್ಲಿ ಶೇಕಡ 27.5ನ್ನು ಎಲ್ಲರಿಗೂ ಸಮವಾಗಿ, 37.5ನ್ನು ಆ ವರ್ಷದ ಸಾಧನೆಗೆ, ಉಳಿದ 35ನ್ನು ಕ್ಲಬ್‌ನ ಹಿಂದಿನ ಸಾಧನೆ ಹಾಗೂ ಅದರ ದೇಶದ ಟಿ.ವಿ. ಮಾರುಕಟ್ಟೆಯ ಬೆಲೆ ನೋಡಿ ಹಂಚುತ್ತಾರೆ. ನಮ್ಮಿಂದಲೇ ಪ್ರೇಕ್ಷಕರು ಬರುತ್ತಾರೆ, ಆದ್ದರಿಂದ ಹೆಚ್ಚು ಪಾಲು ನಮಗೆ ಸಲ್ಲಬೇಕು ಎಂಬುದು ದೊಡ್ಡ ಕ್ಲಬ್‌ಗಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ವಾದವನ್ನು ಕೊನೆಯವರೆಗೂ ಎಳೆದರೆ ಏನಾಗುತ್ತದೆ ಎಂಬುದು 2021ರ ಏಪ್ರಿಲ್‌ನಲ್ಲಿ ಕಂಡಿತು. ಅಂದು 12 ಶ್ರೀಮಂತ ಕ್ಲಬ್‌ಗಳು ಸ್ಥಾಪಕರಿಗೆ ಕಾಯಂ ಸ್ಥಾನವಿರುವ ಸೂಪರ್ ಲೀಗ್ ಘೋಷಿಸಿದವು. ಅಭಿಮಾನಿಗಳು ಬೀದಿಗಿಳಿದರು, ಕೆಲವೇ ದಿನಗಳಲ್ಲಿ ಯೋಜನೆ ಕುಸಿಯಿತು.

ನಮ್ಮ ಐ.ಪಿ.ಎಲ್. ಇದಕ್ಕೆ ತದ್ವಿರುದ್ಧ. ಆಟಗಾರರನ್ನು ಕೊಳ್ಳಲು ಎಲ್ಲ ತಂಡಗಳಿಗೂ ಒಂದೇ ಮಿತಿ. 2025ರ ಆಟಕ್ಕೆ ಅದು ತಲಾ 120 ಕೋಟಿ ರೂಪಾಯಿ. ಹೀಗಾಗಿ ಕೊನೆಯ ಸ್ಥಾನದಲ್ಲಿದ್ದವರಿಗೂ ಆಸೆ ಉಳಿಯುತ್ತದೆ. ಆದರೆ ಅಲ್ಲಿ ಬಡ್ತಿಯಿಲ್ಲ, ಹಿಂಬಡ್ತಿಯೂ ಇಲ್ಲ. ಬೇಲಿಯೊಳಗೆ ಸಮಾನತೆ ಇದೆ, ಬೇಲಿಗೆ ಬಾಗಿಲಿಲ್ಲ. ಯುರೋಪಿನಲ್ಲಿ ಬಾಗಿಲಿದೆ, ಒಳಗೆ ಸಮಾನತೆಯಿಲ್ಲ.

ಇದೇ ಪ್ರಶ್ನೆಯನ್ನು ರಾಜ್ಯದೊಳಗೂ ಕೇಳಿಕೊಳ್ಳಬಹುದು. ಗದುಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹೊರಟು ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಮತ್ತೆ ಊರಿಗೆ ಮರಳಿ ಶಾಲೆಗೆ ಹೋಗುತ್ತಿದ್ದರು. ನಡುವೆ ಅಣ್ಣಿಗೇರಿ ದಾಟಿದ ಆ ದಾರಿ ಒಂದು ಕಡೆಗೇ ಸುಮಾರು 60 ಕಿಲೋಮೀಟರ್. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಅವರು 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದ್ದರು. ಅವರ ಪ್ರತಿಭೆಗೆ ಕೊರತೆಯಿರಲಿಲ್ಲ. ಮೈದಾನ ಮಾತ್ರ ದೂರವಿತ್ತು. ಅಷ್ಟು ದೂರ ಹೋಗಲಾಗದೆ ಊರಲ್ಲೇ ಉಳಿದವರ ಹೆಸರು ಯಾವ ಶ್ರೇಯಾಂಕದ ಪಟ್ಟಿಯಲ್ಲಿಯೂ ಸಿಗುವುದಿಲ್ಲ. ಹಣ ಹಂಚುವವರು ಗೆದ್ದವರ ಪಟ್ಟಿಯನ್ನಷ್ಟೇ ನೋಡಿದರೆ, ನವಲಗುಂದ, ಕುಂದಗೋಳಗಳಂಥ ತಾಲ್ಲೂಕುಗಳ ಸರದಿ ಎಂದೂ ಬರಲಾರದು.

ಜಾತ್ರೆಯ ಕಣದ ರೀತಿಯನ್ನು ಇಲ್ಲಿ ನೆನೆಯಬೇಕು. ಅಲ್ಲಿಯೂ ಹಿಂದಿನ ಗೆಲುವಿಗೆ ಬೆಲೆಯಿದೆ. ಹೋದ ವರ್ಷ ಗೆದ್ದವನ ಬಹುಮಾನ ಈ ವರ್ಷ ಏರುತ್ತದೆ. ಆದರೆ ಅದರ ಜೊತೆಗೆ ಅವನ ಜೋಡಿಯೂ ಏರುತ್ತದೆ. ಹೆಚ್ಚು ಹಣಕ್ಕೆ ಅವನು ಹೆಚ್ಚು ಗಟ್ಟಿಗನನ್ನು ಚಿತ್ ಮಾಡಬೇಕು. ಹೆಚ್ಚು ಹಣವನ್ನೂ ಸುಲಭದ ಜೋಡಿಯನ್ನೂ ಒಬ್ಬನಿಗೇ ಕೊಟ್ಟರೆ ಹಳ್ಳಿಯ ಪ್ರೇಕ್ಷಕರು ಸುಮ್ಮನಿರುವುದಿಲ್ಲ. ದೊಡ್ಡ ಪಂದ್ಯಾವಳಿಗಳ ನಿಯಮ ಬರೆಯುವವರು ಒಮ್ಮೆ ಆ ಪ್ರೇಕ್ಷಕರ ನಡುವೆ ಕುಳಿತು ನೋಡುವುದು ಒಳ್ಳೆಯದು.