ರಂಗವಲ್ಲಿಯ ಚರಿತ್ರೆ

ಚರಿತ್ರೆಯನ್ನು ಬರೆಯುವವರು ಕಲ್ಲನ್ನೂ ತಾಮ್ರಪಟವನ್ನೂ ಓಲೆಗರಿಯನ್ನೂ ಸಾಕ್ಷಿಗೆ ಕರೆಯುವುದು ವಾಡಿಕೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ ಮದನಿಕೆಯರು ಇಂದಿಗೂ ನಮ್ಮೆದುರಿಗೆ ನಿಂತಿದ್ದಾರೆ. ಅವರನ್ನು ಕಡೆದ ದಾಸೋಜ, ಚಾವಣರ ಹೆಸರುಗಳೂ ಅಲ್ಲಿಯೇ ಕೆತ್ತಲ್ಪಟ್ಟಿವೆ. ಆದರೆ ಬೆಳಗ್ಗೆ ಬರೆದು ಸಂಜೆಗೆ ಗಾಳಿಯ ಪಾಲಾಗುವ ಅಂಗಳದ ಚಿತ್ರಕ್ಕೆ ಸಾಕ್ಷಿ ಹೇಳುವವರಾರು? ಅದನ್ನು ಬರೆದವಳ ಹೆಸರನ್ನು ಕೆತ್ತಿದವರಾರು?

ಹಾಗೆಂದು ನಾವು ನಿರಾಶರಾಗಬೇಕಾಗಿಲ್ಲ. ಉಳಿಯದ ಚಿತ್ರದ ಮಾತು ಉಳಿದಿರುವುದುಂಟು. ವಾತ್ಸ್ಯಾಯನನು ಎಣಿಸಿರುವ ಅರುವತ್ತುನಾಲ್ಕು ಕಲೆಗಳಲ್ಲಿ ಅಕ್ಕಿಯಿಂದಲೂ ಹೂವುಗಳಿಂದಲೂ ಬಲಿವಿನ್ಯಾಸಗಳನ್ನು ರಚಿಸುವುದು ಒಂದು. ನಮ್ಮ ನಾಡಿನ ಅರಸನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಗಳ ಬಗೆಗಳನ್ನು ಹೇಳುವಾಗ, ಬಣ್ಣದ ಪುಡಿಗಳಿಂದ ಬರೆಯುವುದನ್ನು ‘ಧೂಳೀಚಿತ್ರ’ವೆಂದು ಹೆಸರಿಸಿದ್ದಾನೆ. ಭಿತ್ತಿಚಿತ್ರವನ್ನು ವಿವರಿಸಿದ ಗ್ರಂಥದಲ್ಲಿಯೇ ನೆಲದ ಮೇಲಣ ಪುಡಿಯ ಚಿತ್ರಕ್ಕೂ ಸ್ಥಾನ ದೊರಕಿತೆಂಬುದು ಸಣ್ಣ ಮಾತಲ್ಲ.

ಧೂಳೀಚಿತ್ರದ ಮಹಾರೂಪವನ್ನು ನೋಡಬೇಕಾದರೆ ದಕ್ಷಿಣ ಕನ್ನಡ, ಉಡುಪಿಯ ಸೀಮೆಗೆ ಹೋಗಬೇಕು. ಅಲ್ಲಿಯ ನಾಗಮಂಡಲದಲ್ಲಿ ಚಪ್ಪರದ ಕೆಳಗೆ ನೆಲದ ಮೇಲೆ ಹೆಣೆದುಕೊಂಡ ಸರ್ಪದ ಆಕೃತಿಯನ್ನು ಐದು ಬಣ್ಣಗಳಲ್ಲಿ ಬರೆಯುತ್ತಾರೆ. ಹಳದಿಗೆ ಅರಿಸಿನ, ಅದಕ್ಕೆ ಸುಣ್ಣ ಬೆರೆತರೆ ಕೆಂಪು, ಹಸುರಿಗೆ ಎಲೆಯ ಪುಡಿ, ಕಪ್ಪಿಗೆ ಕರಿ, ಇವುಗಳೊಡನೆ ಬಿಳಿ. ಗಂಟೆಗಟ್ಟಲೆ ಶ್ರಮಿಸಿ ಬರೆದ ಮಂಡಲದ ಸುತ್ತ ಇರುಳೆಲ್ಲ ವೈದ್ಯರು ಢಕ್ಕೆ ನುಡಿಸುತ್ತ ಕುಣಿಯುತ್ತಾರೆ. ಸೇವೆ ಮುಗಿದ ಮೇಲೆ ಮಂಡಲವನ್ನು ಉಳಿಸಿಕೊಳ್ಳುವುದಿಲ್ಲ. ಅಳಿಯುವುದೂ ಅದರ ವಿಧಿಯ ಒಂದು ಅಂಗವೇ ಆಗಿದೆ.

ಇಂಥ ಕಲೆಯನ್ನು ವಿದ್ವಾಂಸರು ಬಹುಕಾಲ ಗಮನಿಸಲಿಲ್ಲ. ಅವನೀಂದ್ರನಾಥ ಠಾಕೂರರು 1919ರಲ್ಲಿ ‘ಬಾಂಗ್ಲಾರ್ ವ್ರತ’ವೆಂಬ ಪುಸ್ತಕವನ್ನು ಬರೆದು, ವಂಗದೇಶದ ಹೆಂಗಸರು ಅಕ್ಕಿಹಿಟ್ಟಿನ ನೀರಿನಿಂದ ಬರೆಯುವ ಆಲ್ಪನಾ ಚಿತ್ರಗಳನ್ನು ಗಂಭೀರವಾದ ಕಲಾವಿಚಾರಕ್ಕೆ ತಂದರು.

ನಮ್ಮ ಮನೆಗಳ ಸಂಗತಿಯೇನು? ಅಕ್ಕಿಹಿಟ್ಟು ಹೋಗಿ ಬಿಳಿಕಲ್ಲಿನ ಪುಡಿ ಬಂದು ಬಹಳ ಕಾಲವಾಯಿತು. ಹಿಟ್ಟಿನ ಎಳೆಯನ್ನು ತಿನ್ನುತ್ತಿದ್ದ ಇರುವೆಗೆ ಅಂದೇ ಊಟ ತಪ್ಪಿತು. ಈಗ ಹೊಸ್ತಿಲಿಗೆ ಅಂಟಿಸುವ ಅಚ್ಚಿನ ರಂಗವಲ್ಲಿಯೂ ಅಂಗಡಿಯಲ್ಲಿ ದೊರೆಯುತ್ತದೆ. ಅದು ತಿಂಗಳುಗಟ್ಟಲೆ ಅಳಿಯದು. ಆದರೆ ಒಂದು ಸಂಗತಿಯನ್ನು ನಾವು ಆಲೋಚಿಸಬೇಕು. ಚಿತ್ರವು ದಿನದಿನವೂ ಅಳಿಯುತ್ತಿದ್ದುದರಿಂದಲೇ ಅದನ್ನು ದಿನದಿನವೂ ಬರೆಯಬೇಕಾಯಿತು. ಬರೆಯಬೇಕಾದುದರಿಂದಲೇ ತಾಯಿಯ ಬೆರಳಿನ ಹದ ಮಗಳಿಗೆ ಬಂದಿತು. ಅಳಿಯದ ಚಿತ್ರವನ್ನು ಹೊಸ್ತಿಲಿಗೆ ತಂದರೆ ಈ ಅಭ್ಯಾಸವೇ ತಪ್ಪುತ್ತದೆ.

ಮುರಿದ ಶಿಲ್ಪವು ನೆಲದಡಿಯಲ್ಲಿ ಸಾವಿರ ವರ್ಷ ಕಾದಿದ್ದು ಮತ್ತೆ ದೊರೆಯಬಹುದು. ಒಂದು ತಲೆಮಾರು ಕೈಬಿಟ್ಟ ಎಳೆಯನ್ನು ಯಾವ ಅಗೆತವೂ ಮೇಲಕ್ಕೆ ತರಲಾರದು. ಆದುದರಿಂದ ಅಜ್ಜಿಯ ಚುಕ್ಕಿಗಳ ಲೆಕ್ಕವನ್ನು ಮನೆಯ ಮಕ್ಕಳು, ಹುಡುಗರೂ ಸಹ, ಅವಳಿರುವಾಗಲೇ ಕಲಿಯುವುದು ಲೇಸು.